ಗಾಡಿ ನಿಂತ ಊರಿನ ಹೆಸರು

ವಾಡಿ ಜಂಕ್ಷನ್,
ಸೋಮವಾರ, ೧೧ ನವೆಂಬರ್ ೨೦೨೪

ಪ್ರೀತಿಯ ಅಳಿಯ ಅಣವೀರನಿಗೆ,

ನಿನ್ನ ಸೋದರತ್ತೆ ಸಾಬಮ್ಮ ಕೈಯಾರೆ ಬರೆದು ಕಳಿಸುವ ಆಶೀರ್ವಾದ. ಮೊದಲು ನಿನ್ನ ಬೆನ್ನಿನ ಸುದ್ದಿ ಹೇಳು. ಸ್ಲ್ಯಾಬಿನ ಮೇಲೆ ಹತ್ತಿ ಇಳಿಯುವುದನ್ನು ಕಡಿಮೆ ಮಾಡಿದೆಯೋ, ಇಲ್ಲ ಮೇಸ್ತ್ರಿ ಆದ ಮೇಲೂ ಬುಟ್ಟಿ ಹೊರುವ ಹುಡುಗರ ಜೊತೆ ಪೈಪೋಟಿಯೋ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲು ನಿನ್ನ ಹೆಂಡತಿಗೆ ಹೇಳಿದ್ದೆ. ಹಚ್ಚಿದೆನೆಂದು ಅವಳು ಹೇಳುತ್ತಾಳೆ, ಹಚ್ಚಿಸಿಕೊಂಡೆನೆಂದು ನೀನು ಹೇಳುವುದಿಲ್ಲ. ಪುಣೆಯಲ್ಲಿ ಚಳಿ ಶುರುವಾಗಿರಬೇಕು. ಇಲ್ಲಿ ಬೆಳಗಿಗೆ ಸ್ವಲ್ಪ ತಂಪು, ಮಧ್ಯಾಹ್ನಕ್ಕೆ ಅದೇ ಬಿಸಿಲು, ಸಂಜೆಗೆ ಅದೇ ಸಿಮೆಂಟಿನ ಧೂಳು. ತೊಗರಿ ಹೂ ಬಿಟ್ಟಿದೆ. ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ, ಆದರೂ ಜಗಳವಾಡುತ್ತ ಜೊತೆಯಲ್ಲೇ ಇದ್ದೇವೆ. ಸಕ್ಕರೆ ಕಾಯಿಲೆ ಮಾತ್ರ ಹದ್ದುಬಸ್ತಿನಲ್ಲಿದೆ. ಒಂದು ಚಿಟಿಕೆ ಸಕ್ಕರೆಯನ್ನೂ ಮುಟ್ಟಕೂಡದೆಂದು ಶಹಾಬಾದಿನ ಡಾಕ್ಟರು ಬೈದು ಕಳಿಸಿದ ಮೇಲೆ ಚಹಾ ಕೂಡ ಸಪ್ಪಗೆ ಕುಡಿಯುತ್ತೇನೆ. ತೀರಿಹೋದ ನಿನ್ನಪ್ಪನ ಬದಲಿಗೆ ಸೇಡಂನಲ್ಲಿ ನಿನ್ನ ಹೆಂಡತಿಯ ತವರಿನವರ ಮುಂದೆ ಕೂತು, ಇಡೀ ಮುಷ್ಟಿ ಸಕ್ಕರೆ ತಿಂದು, ನಿನ್ನ ಮದುವೆಗೆ ಮಾತು ಕೊಟ್ಟು ಬಂದ ಬಾಯಿ ಇದು. ಈಗ ನೋಡು, ಇರುವೆಗಿಂತ ಕಡೆಯಾದೆ.

ಫೋನು ಇರುವಾಗ ಇದೇನು ಕಾಗದ ಎಂದು ನಗಬೇಡ. ಫೋನಿನಲ್ಲಿ ನೀನು "ಹೂಂ ಅತ್ತಿ, ಹೂಂ ಅತ್ತಿ, ಇಡ್ತೀನಿ ಅತ್ತಿ" ಎಂದು ಮುಗಿಸಿಬಿಡುತ್ತೀ. ಕಾಗದವನ್ನು ನಡುವೆ ಇಟ್ಟುಬಿಡಲು ಬರುವುದಿಲ್ಲ. ಅದೂ ಅಲ್ಲದೆ ನಿನಗೆ ಕನ್ನಡ ಅಕ್ಷರ ಕಲಿಸಿದವಳು ನಾನು. ನಿನ್ನ ಅವ್ವ ಹಾಸಿಗೆ ಹಿಡಿದಿದ್ದಾಗ ಚಿಕ್ಕವನಾದ ನಿನ್ನನ್ನು ಪುಣೆಯಿಂದ ತಂದು ನನ್ನ ಬಳಿ ಬಿಟ್ಟಿದ್ದರಲ್ಲ, ಆಗ ನಾನು ಇದೇ ಸ್ಟೇಷನ್ನಿನಲ್ಲಿ ಹುರಿದ ಶೇಂಗಾ ಮಾರುತ್ತಿದ್ದೆ. ನನಗೆ ಯಾರು ಶಾಲೆ ತೋರಿಸಿದ್ದರು? ಪ್ಲಾಟ್‌ಫಾರ್ಮಿನ ಹಳದಿ ಫಲಕದ ಮೇಲಿನ 'ವಾಡಿ'ಯನ್ನು ಮೊದಲು ಕಲಿತೆ. ಆಮೇಲೆ ಆ 'ವಾ' ಎಲ್ಲಿದೆ, ಆ 'ಡಿ' ಎಲ್ಲಿದೆ ಎಂದು ಶೇಂಗಾ ಕಟ್ಟುವ ಹಳೇ ಪೇಪರಿನಲ್ಲಿ ಹುಡುಕುತ್ತ ಹೋದೆ. ನಿನಗೂ ಹಾಗೆಯೇ ಕಲಿಸಿದೆ. ಲೋಕಕ್ಕೆಲ್ಲ 'ಅ' ಮೊದಲ ಅಕ್ಷರವಾದರೆ ನಮ್ಮಿಬ್ಬರಿಗೆ 'ವಾ' ಮೊದಲು. ಆ ಊರಿನ ಹೆಸರೇ ಈಗ ನಿನ್ನ ಮನೆಯಲ್ಲಿ ಮೀನಿನ ಮುಳ್ಳಿನಂತೆ ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ತಿಳಿಯಿತು. ನಾನಲ್ಲದೆ ಯಾರು ಬಿಡಿಸಬೇಕು?

ಭಾಗ್ಯಜ್ಯೋತಿ ಫೋನು ಮಾಡಿದ್ದಳು. ಮಗಳ ಮೇಲೆ ಸಿಟ್ಟಾಗಬೇಡ. ಅಪ್ಪ ಮಾತು ಬಿಟ್ಟರೆ ಮೊಮ್ಮಗಳು ಅಜ್ಜಿಗೆ ಹೇಳದೆ ಗೋಡೆಗೆ ಹೇಳಬೇಕೇ? "ಆಜ್ಜಿ, ಪಪ್ಪಾ ನನ್ನ ಕೂಡ ಮಾತೇ ಬಿಟ್ಟಾರ. ಸೂರ್ಯಕಾಂತಂದು ನಂದು ಆಡನಾಂವ ಒಂದೇ ಅದ, ಅದಕ್ಕ ನಾವು ಬಹೀಣ-ಭಾವು ಆಗ್ತೀವಂತ. ಆ ಹೆಸರು ನಾ ಇಟ್ಕೊಂಡೀನೇನ್?" ಎಂದಳು. ಹೌದಲ್ಲ, ಅವಳ ಕನ್ನಡಕ್ಕೆ ಎಷ್ಟು ಮರಾಠಿ ಹತ್ತಿದೆ, ಅಡ್ಡಹೆಸರಿಗೆ ಆಡನಾಂವ, ಅಣ್ಣತಂಗಿಗೆ ಬಹೀಣ-ಭಾವು! ಅವಳು ಮೆಚ್ಚಿದವನು ಹಡಪಸರದ ನಿಮ್ಮ ಓಣಿಯಲ್ಲೇ ಬೆಳೆದ ಹುಡುಗ, ನಿನ್ನಪ್ಪನ ಗೆಳೆಯ ಅಂಬರಾಯನ ಮೊಮ್ಮಗ, ಕುಡಿಯುವವನಲ್ಲ, ಕೈಯಲ್ಲಿ ಕೆಲಸವಿದೆ. ಅವನಲ್ಲಿ ಬೇರೆ ಯಾವ ಕೊರತೆಯನ್ನೂ ನೀನು ಹೇಳಿಲ್ಲವಂತೆ. ನೀನು ಅಣವೀರ ವಾಡೀಕರ, ಅವನು ಸೂರ್ಯಕಾಂತ ವಾಡೀಕರ, ಇಷ್ಟೇ. ಆ ಸೀಮೆಯಲ್ಲಿ ಒಂದೇ ಅಡ್ಡಹೆಸರಿನವರು ಒಂದೇ ರಕ್ತ. ಅಮಾವಾಸ್ಯೆ ಮುಗಿದ ಮೇಲೆ ನಿಮ್ಮ ಸಮಾಜದ ಹಿರಿಯರು ಕೂಡುತ್ತಾರಂತೆ, ಅವರು ಬೇಡವೆಂದರೆ ಮುಗಿಯಿತು ಎಂದು ನೀನು ಹೇಳಿದ್ದೀಯಂತೆ. ಹುಡುಗಿ ಏನೆಂದಳು ಗೊತ್ತೇ? "ನಾ ಓಡಿ ಹೋಗಂಗಿಲ್ಲ ಆಜ್ಜಿ. ಆದ್ರ ಬ್ಯಾರೆ ಯಾರ ಮನಿ ಕುಂಕುಮಾನೂ ಹಚ್ಕೊಳ್ಳಂಗಿಲ್ಲ." ಕೂಗಾಡಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಶಾಂತವಾಗಿ ಹೇಳಿದಳು, ನಿನ್ನಪ್ಪ ದೇವೀಂದ್ರಪ್ಪ ಊರು ಬಿಡುತ್ತೇನೆಂದು ಹೇಳಿದ ಹಾಗೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಒಂದೇ ಬೆಡಗಿನವರು ಒಂದು ತಾಯಿಯ ಮಕ್ಕಳಿದ್ದಂತೆ, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ ಎಂಬ ನಮ್ಮ ಕಟ್ಟನ್ನು, ಪುಣೆಯಲ್ಲಿ ಹುಟ್ಟಿ ಬೆಳೆದೂ ನೀನು ಮರೆತಿಲ್ಲ. ಅದು ನಿನ್ನ ದೊಡ್ಡತನ. ಹಗ್ಗ ಗಟ್ಟಿಯಾಗಿದೆ ಮಗನೆ, ಆದರೆ ಕಟ್ಟಿದ ಗೂಟ ತಪ್ಪು. 'ವಾಡೀಕರ' ನಮ್ಮ ಬೆಡಗಲ್ಲ. ನಿನ್ನಪ್ಪ ವಾಡಿಯಲ್ಲಿ ಇದ್ದದ್ದು ಒಂದು ಮಧ್ಯಾಹ್ನ, ಅದೂ ಗಾಡಿ ತಡವಾಗಿತ್ತೆಂದು.

ಆ ಮಧ್ಯಾಹ್ನ ನಾನು ಅಲ್ಲಿದ್ದೆ. ಸನ್ನತಿಯಲ್ಲಿ ನಮಗೆ ಇದ್ದದ್ದು ಒಂದೇ ಹರಗೋಲು. ಭೀಮೆಯ ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸುವುದು, ಸುಗ್ಗಿಯಲ್ಲಿ ಕಾಳು ಇಸಿದುಕೊಳ್ಳುವುದು. ಅಣ್ಣತಮ್ಮಂದಿರು ದೊಡ್ಡವರಾದರು, ಹರಗೋಲು ದೊಡ್ಡದಾಗಲಿಲ್ಲ. "ಹುಟ್ಟು ಒಂದೇ ಅದ, ಕೈ ನಾಕು ಅವ" ಎಂದು ನಿನ್ನಪ್ಪ ಹೊರಟ. ನಾನು ಆಗಷ್ಟೇ ಮದುವೆಯಾಗಿ ವಾಡಿಗೆ ಬಂದಿದ್ದೆ. ಅಣ್ಣನನ್ನು ಕಳಿಸಲು ರೊಟ್ಟಿಯ ಗಂಟು ಹಿಡಿದು ಸ್ಟೇಷನ್ನಿಗೆ ಹೋದರೆ, ಪ್ಲಾಟ್‌ಫಾರ್ಮಿನ ತುಂಬ ಜನ. ಶಹಾಬಾದಿನಿಂದ ಕಲ್ಲು ಒಡೆಯುವವರು, ಚಿತ್ತಾಪುರದ ಕಡೆಯ ಕೂಲಿಯವರು, ಚಿಂಚೋಳಿಯ ಕಾಡಿನಂಚಿನವರು. ಒಬ್ಬರ ಗುರುತು ಒಬ್ಬರಿಗಿಲ್ಲ. ಎಲ್ಲರನ್ನೂ ಕೂಡಿಸಿಕೊಂಡು ಹೊರಟಿದ್ದವನು ಮುಕ್ರಮ ಎಂಬ ಮೇಸ್ತ್ರಿ. ಕೈಯಲ್ಲಿ ಕೊಡೆ, ಬಾಯಲ್ಲಿ ಎಲೆಯಡಿಕೆ. ಅವನು ಎಲ್ಲರನ್ನೂ ನಿಲ್ಲಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಪುಣಾದಾಗ ಯಾರರ ನಿಮ್ಮೂರ ಯಾವ್ದು ಅಂದ್ರ ಸನ್ನತಿ ಗಿನ್ನತಿ ಅನಬ್ಯಾಡ್ರಿ, ಅವ್ರಿಗಿ ತಿಳೀದಿಲ್ಲ. ವಾಡಿ ಅನ್ರಿ. ವಾಡಿ ಅಂದ್ರ ಗಾಡಿ ನಿಂದರ್ತದ, ಎಲ್ಲಾರಿಗೂ ಗೊತ್ತು." ಎಲ್ಲರೂ ತಲೆಯಾಡಿಸಿದರು. ಅಲ್ಲಿ ಹೋಗಿ ವಾಡಿ ಎಂದರು. ಕೆಲಸದ ಜಾಗದಲ್ಲಿ "ಏ ವಾಡೀಕರ" ಎಂದು ಕರೆದರು. ಮಕ್ಕಳನ್ನು ಶಾಲೆಗೆ ಹಾಕುವಾಗ ಮಾಸ್ತರು ಆಡನಾಂವ ಕೇಳಿದರೆ, ಕರೆಯುತ್ತಿದ್ದ ಹೆಸರನ್ನೇ ಹೇಳಿದರು. ಆ ಗಾಡಿ ಹತ್ತಿದವರಲ್ಲಿ ಎಷ್ಟು ಜಾತಿ, ಎಷ್ಟು ಬೆಡಗು, ಎಷ್ಟು ಮಾತು! ಇಳಿಯುವಾಗ ಎಲ್ಲರೂ ವಾಡೀಕರ.

ಈಗ ಅಂಬರಾಯನ ವಿಷಯ. ಆ ಗುಂಪಿನಲ್ಲಿ ಚಂದ್ರಂಪಳ್ಳಿಯ ಕಡೆಯಿಂದ ಬಂದ ಒಬ್ಬ ಎತ್ತರದ ಹುಡುಗ ನಿನ್ನಪ್ಪನ ಪಕ್ಕದಲ್ಲಿ ಬಂದು ಕೂತ. ಅವನ ಮನೆಮಾತು ತೆಲುಗು, ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ನಿನ್ನಪ್ಪ "ನೀವು ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದ. ಅವನು "ಮೇಮು ಚೇಪಲು ಪಟ್ಟೆಟೋಳ್ಳಂ" ಎಂದ. ಮೀನು ಹಿಡಿಯುವವರು ಎಂದು ಅದರ ಅರ್ಥ. ಸನ್ನತಿ ಬಿಟ್ಟು ಹೊರಗೆ ಹೋಗದ ನಿನ್ನಪ್ಪನಿಗೆ ಏನು ಗೊತ್ತು? ಚೇಪಲು ಎಂಬುದು ಚಪ್ಪಲಿ ಎಂದು ಕೇಳಿಸಿತು. ಚಪ್ಪಲಿ ಹಿಡಿಯುವ ಮಂದಿ! ಮದುವೆಯಲ್ಲಿ ಬಂದ ಹೊಸ ಚಪ್ಪಲಿ ಕಾಲಲ್ಲಿತ್ತು. ನಿನ್ನಪ್ಪ ಏನೂ ಆಗದವನಂತೆ ಒಂದು ಚಪ್ಪಲಿ ತೆಗೆದು ತೊಡೆಯ ಕೆಳಗಿಟ್ಟ, ಸ್ವಲ್ಪ ತಡೆದು ಇನ್ನೊಂದನ್ನೂ ಇಟ್ಟ, ಅದರ ಮೇಲೆ ಗಟ್ಟಿಯಾಗಿ ಕೂತ. ಅಂಬರಾಯ ಹತ್ತಿರ ಸರಿದಷ್ಟೂ ಇವನು ದೂರ ಸರಿಯುತ್ತಿದ್ದ, ಚಪ್ಪಲಿಯ ಸಮೇತ. ಕಡೆಗೆ ಊಟದ ಹೊತ್ತಿಗೆ ಅಂಬರಾಯ ತನ್ನ ಗಂಟು ಬಿಚ್ಚಿ ಒಣಮೀನು ತೆಗೆದು "ಚೇಪಲು, ಚೇಪಲು" ಎಂದು ತೋರಿಸಿದಾಗ ನಿನ್ನಪ್ಪನಿಗೆ ಬಿಸಿಲಿನಲ್ಲೂ ಬೆವರು ಆರಿತು. ತೊಡೆಯ ಕೆಳಗಿನಿಂದ ಚಪ್ಪಲಿ ಹೊರಗೆ ಬಂದಾಗ ಅಂಬರಾಯ ನಕ್ಕ ನಗುವಿಗೆ ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡಿತು. ನನ್ನ ರೊಟ್ಟಿ, ಅವನ ಮೀನು, ಇಬ್ಬರೂ ಒಂದೇ ಪೇಪರಿನ ಮೇಲೆ ತಿಂದರು. ಗಾಡಿ ಬಂತು.

ನೆನಪಾಯಿತೇ ಅಳಿಯಾ? ಅಂಬರಾಯನನ್ನು ನಿನ್ನಪ್ಪ ಸಾಯುವ ತನಕ 'ಚಪ್ಪಲಿ' ಎಂದೇ ಕರೆಯುತ್ತಿದ್ದ. ನೀನು 'ಚಪ್ಪಲಿ ಕಾಕಾ' ಎನ್ನುತ್ತಿದ್ದೆ. ನನ್ನ ಬಳಿ ಇದ್ದಾಗ, ಚಪ್ಪಲಿ ಕಾಕಾ ನನಗೊಂದು ಜೊತೆ ಹೊಲಿದು ಕೊಡುತ್ತಾನೆಂದು ಕಾಯುತ್ತಿದ್ದೆಯಲ್ಲ! ಆ ಕಾಕಾ ಎಂಬ ಒಂದು ಮಾತು, ಈ ವಾಡೀಕರ ಎಂಬ ಒಂದು ಹೆಸರು, ಎರಡೂ ಸೇರಿ ನಿನ್ನ ಮನಸ್ಸಿನಲ್ಲಿ ಅವನು ನಿನ್ನಪ್ಪನ ಒಡಹುಟ್ಟಿದವನಾಗಿ ಕೂತುಬಿಟ್ಟಿದ್ದಾನೆ. ನಿನ್ನಪ್ಪ ನಿನಗೆ ಮೀಸೆ ಬರುವ ಮೊದಲೇ ಹೋದ. ಅಂಬರಾಯ ಕೊರೋನಾ ವರ್ಷದಲ್ಲಿ ಹೋದ. ಅವನಿದ್ದಾಗ ಇದನ್ನು ಕೇಳುವ ಪ್ರಸಂಗವೇ ಬರಲಿಲ್ಲ. ನೀನೇ ಯೋಚಿಸು. ಒಂದೇ ರಕ್ತದವರಾಗಿದ್ದರೆ ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದೆ ಚಪ್ಪಲಿ ಬಚ್ಚಿಡುತ್ತಿದ್ದನೇ?

ಆದರೂ ನಿಮ್ಮ ಹಿರಿಯರು 'ಮುದುಕಿಗೆ ಮರೆವು' ಎನ್ನಬಹುದು. ಅದಕ್ಕೇ ಮೊನ್ನೆ ಚಂದ್ರಂಪಳ್ಳಿಗೆ ಹೋಗಿ ಬಂದೆ. ಅಂಬರಾಯನ ತಂಗಿ ಮೊಗಲಮ್ಮ ಅಲ್ಲಿ ಇದ್ದಾಳೆಂದು ಭಾಗ್ಯಜ್ಯೋತಿಯೇ ಹೇಳಿದ್ದಳು. ಮೊಣಕಾಲು ಬೇಡ ಎಂದಿತು, ಬಸ್ಸು ಹೆಂಗಸರಿಗೆ ಬಿಟ್ಟಿ ಎಂದು ಅದಕ್ಕೆ ತಿಳಿಸಿ ಹೇಳಿದೆ. ಜೊತೆಗೆ ಸುಕಾಂತಿ ಬಂದಳು. ಅವಳು ಯಾರೆಂದು ನಿನಗೆ ಬರೆದಿರಲಿಲ್ಲ ಅಲ್ಲವೇ? ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ಬಾಡಿಗೆಗೆ ಬಂದಿರುವ ಒಡಿಶಾದವಳು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಮೊದಲು ಕೋಡ್ಲಾದಲ್ಲಿ ಇದ್ದು ಆಮೇಲೆ ವಾಡಿಗೆ ಬಂದರು. ನಮ್ಮ ಓಣಿಯವರಿಗೆ ಉತ್ತರದ ಕಡೆಯಿಂದ ಬಂದವರೆಲ್ಲ ಬಿಹಾರಿಗಳೇ. ಅವಳು "ಬಿಹಾರಿ ನಹೀ" ಎಂದು ಹೇಳಿ ಹೇಳಿ ಸಾಕಾಗಿ, ಕೋಡ್ಲಾದಿಂದ ಬಂದೆ ಎಂದ ಮೇಲೆ ಈಗ 'ಕೋಡ್ಲಾದಾಕಿ' ಎನ್ನುತ್ತಾರೆ. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಮರುದಿನ ಉಪ್ಪು, ಉಳ್ಳಾಗಡ್ಡಿ ಹಾಕಿಕೊಂಡು ಉಣ್ಣುತ್ತಾಳೆ. ನಮ್ಮವ್ವ ಅಂಬಲಿ ಕುಡಿಯುತ್ತಿದ್ದಂತೆ, ಕಣ್ಣು ಮುಚ್ಚಿಕೊಂಡು. ಕನ್ನಡ ಕಲಿಯುತ್ತಿದ್ದಾಳೆ, ನನ್ನಿಂದಲೇ. "ಅಮ್ಮಾ, ನಂಗ ಕನ್ನಡ ಬರಾಕತ್ತದ, ಜರಾ ಜರಾ" ಎನ್ನುತ್ತಾಳೆ.

ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಹೋಗಿ ಅಲ್ಲಿಂದ ಮತ್ತೆ ಬೇರೆ ಬಂಡಿ. ಸೇಡಂ ಹತ್ತಿರ ಸುಕಾಂತಿ ಕಿಟಕಿಯಲ್ಲಿ ಕೋಡ್ಲಾದ ಕಡೆಯ ಹೊಗೆ ತೋರಿಸಿ, "ಅಲ್ಲಿ ನನ್ ಮಗಳು ನಡಿಯಾಕ ಕಲ್ತಳು" ಎಂದಳು. ಚಂದ್ರಂಪಳ್ಳಿಯಲ್ಲಿ ಮೊಗಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೈಗುಳ ಎಲ್ಲಿಂದ ಬರುತ್ತಿತ್ತೋ ಅಲ್ಲಿಗೆ ಹೋದೆವು. ಬಲೆಗೆ ಗಂಟು ಹಾಕುತ್ತಿದ್ದ ಮಗನಿಗೆ ಅದು ಗಂಟಲ್ಲ ಗುಬ್ಬಿಗೂಡು ಎಂದು ಬೈಯುತ್ತ, ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ನನಗಿಂತ ಹಿರಿಯಳು, ಹಲ್ಲು ನನಗಿಂತ ಹೆಚ್ಚು. ನಾನು "ವಾಡೀಕರ ಅಂಬರಾಯನ ತಂಗಿ ನೀವೇ ಏನ್ರಿ?" ಎಂದೆ. ಮೊರ ಕೆಳಗಿಟ್ಟಳು. "ಯಾ ವಾಡೀಕರ? ನಮ್ಮಣ್ಣ ಇಲ್ಲಿಂದ ಹೋಗಾಗ ತೂಮು ಅಂಬರಾಯ ಇದ್ದ. ಅಲ್ಲಿ ಹೋಗಿ ವಾಡಿ ಅಂಬಾಕಿನ ಯಾರ್ನರ ಮಾಡ್ಕೊಂಡಿದ್ನೇನ್?" ಎಂದು ಕೇಳಿ ತಾನೇ ನಕ್ಕಳು. ಹುಡುಗ ಹುಡುಗಿಯ ಸಂಗತಿ, ನಾನು ಬಂದ ಕಾರಣ ಎಲ್ಲ ತಿಳಿಸಿದೆ. ತೆಲುಗಿನವರಿಗೆ ನಮ್ಮ ಹಾಗೆ ಬೆಡಗಿಲ್ಲ, ಇಂಟಿಪೇರು ಎಂದು ಇರುತ್ತದೆ. ಮನೆತನದ ಹೆಸರು. ಇವರದು ತೂಮು, ಎಂದರೆ ಕೆರೆಯ ತೂಬು. ಹಿಂದೆ ಯಾವುದೋ ಕಾಲದಲ್ಲಿ ಕೆರೆಯ ತೂಬು ಎತ್ತುವ, ಇಳಿಸುವ ಕೆಲಸ ಇವರ ಹಿರಿಯರದಂತೆ. ನಮ್ಮ ಬೆಡಗು ಹರಗೋಲದವರದು. ನಾವು ಹರಿಯುವ ನೀರಿನವರು, ಅವರು ನಿಂತ ನೀರಿನವರು. ಇಬ್ಬರಿಗೂ ಗಂಗಮ್ಮನೇ ದೇವರು. ಆದರೆ ಮೊಗಲಮ್ಮ ತನ್ನವರ ಹೆಸರನ್ನು ಮುತ್ತಜ್ಜನ ತನಕ ಹೇಳಿದಳು, ನಾನು ನಮ್ಮವರದು 'ಅವರಪ್ಪ, ಅವರಜ್ಜ' ಎಂದು ಹೇಳಿದೆ, ಎಲ್ಲಿಯೂ ಒಂದು ಎಳೆ ಕೂಡಲಿಲ್ಲ.

ಆಗ ಒಂದು ಗಮ್ಮತ್ತು ನಡೆಯಿತು. ಮೊಗಲಮ್ಮ ಸುಕಾಂತಿಯನ್ನು ನೋಡಿ "ಈಕಿ ಯಾರು?" ಎಂದಳು. ನಾನು ನೀರು ಕುಡಿಯುತ್ತಿದ್ದವಳು "ಈಕಿ ಕೋಡ್ಲಾದಾಕಿ" ಎಂದುಬಿಟ್ಟೆ. ಅಷ್ಟೇ! "ಅಯ್ಯ, ನನ್ನ ಸೊಸಿ ತವರೂ ಕೋಡ್ಲಾನೇ! ಯಾರ ಪೈಕಿ ಅವ್ವ ನೀ? ಮುಖ ನಮ್ಮ ಬೀಗರದೇ ಅದ ನೋಡು" ಎನ್ನುತ್ತ ಮೊಗಲಮ್ಮ ಒಳಗೆ ಕೂಗಿದಳು. ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ಸುಕಾಂತಿಯ ಗದ್ದ ಹಿಡಿದು, ನೀನು ದೊಡ್ಡಪ್ಪನ ಕಡೆಯವಳೋ ಸಣ್ಣಪ್ಪನ ಕಡೆಯವಳೋ ಎಂದು ವಿಚಾರಿಸತೊಡಗಿದಳು. ಸುಕಾಂತಿ ಗಾಬರಿಯಾಗಿ, "ನಹೀ ಅಕ್ಕಾ, ನನ್ ಊರ ಕೇಂದ್ರಾಪಡಾ, ಸಮುದ್ರದ ಕಡಿ. ಕೋಡ್ಲಾದಾಗ ಬರೇ ಬಾಡಿಗಿ ಇತ್ತು!" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮುಕ್ರಮ ಮೇಸ್ತ್ರಿಯನ್ನು ಇಷ್ಟು ವರ್ಷ ಆಡಿಕೊಂಡವಳು ನಾನು, ಈಗ ನನ್ನ ಬಾಯಲ್ಲೇ ಅವನು ಕೂತಿದ್ದ. ನನಗೆ ಅವಳ ಊರು ಗೊತ್ತಿತ್ತು, ದಿನಾ ಅವಳ ಬಾಯಲ್ಲಿ ಕೇಳುತ್ತೇನೆ. ಆದರೂ ನಾಲಿಗೆಗೆ ಹತ್ತಿರವಿದ್ದದ್ದು ಕೋಡ್ಲಾ. ಸುಕಾಂತಿಗೆ ಆ ನಾಲ್ಕು ಕನ್ನಡ ಮಾತು ಬಾರದೇ ಇದ್ದಿದ್ದರೆ, ಅವಳ ಮೊಮ್ಮಕ್ಕಳು ಇಲ್ಲಿ ಕೋಡ್ಲಾದವರಾಗಿ, ಮೊಗಲಮ್ಮನ ಬೀಗರಾಗಿ, ಯಾರೊಂದಿಗೋ ಅಣ್ಣತಂಗಿಯರಾಗಿಬಿಡುತ್ತಿದ್ದರು. ಯಾರೂ ಕೆಡುಕು ಮಾಡಲು ಹೀಗೆ ಮಾಡುವುದಿಲ್ಲ ಅಣವೀರ. ಬಂದವರ ಊರನ್ನು ನಾವು ಕೇಳುವುದು ನಮಗೆ ಗೊತ್ತಿರುವ ಕಡೆಯ ನಿಲ್ದಾಣದ ತನಕ ಮಾತ್ರ.

ಊಟವಾದ ಮೇಲೆ ಮೂವರೂ ಕೆರೆಯ ಏರಿಯ ಮೇಲೆ ಹೋಗಿ ಕೂತೆವು. ಸುಕಾಂತಿ ಕಾಲು ನೀರಿಗೆ ಬಿಟ್ಟು ತನ್ನೂರನ್ನು ನೆನೆಸಿಕೊಂಡು ಮೀನಿಗೆ ಅವರು 'ಮಾಛ' ಎನ್ನುತ್ತಾರೆಂದು ಹೇಳಿದಳು. ಮೊಗಲಮ್ಮ 'ಚೇಪ' ಎಂದಳು. ನಾನು ಮೀನು ಎಂದೆ, ಆಮೇಲೆ ಚಪ್ಪಲಿಯ ಕಥೆ ಹೇಳಿದೆ. ಮೊಗಲಮ್ಮನಿಗೆ ಅದು ಗೊತ್ತಿರಲಿಲ್ಲ. ಅಣ್ಣ ಊರು ಬಿಟ್ಟ ದಿನ ಹೇಗಿದ್ದ, ಏನು ತಿಂದ, ಅತ್ತನೋ ನಕ್ಕನೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ನಕ್ಕನಾ? ನಿಜ ನಕ್ಕನಾ?" ಎಂದು ಮತ್ತೆ ಮತ್ತೆ ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾವಿಬ್ಬರೂ ಅಣ್ಣಂದಿರನ್ನು ಒಂದೇ ಗಾಡಿಗೆ ಕೊಟ್ಟವರು. ನಾನಾದರೂ ಕಣ್ಣಾರೆ ಕಂಡೆ.

ಈ ಕಾಗದವನ್ನು ನಿಮ್ಮ ಹಿರಿಯರ ಮುಂದೆ ಗಟ್ಟಿಯಾಗಿ ಓದು. ಅವರಲ್ಲಿಯೂ ಸೋಲಾಪುರಕರ, ಅಕ್ಕಲಕೋಟಕರ ಇರಬೇಕಲ್ಲ; ಅವರ ಅಜ್ಜಂದಿರು ಅಲ್ಲಿ ಹುಟ್ಟಿದವರೋ, ಅಲ್ಲಿ ಗಾಡಿ ಬದಲಿಸಿದವರೋ ಎಂದು ವಿನಯದಿಂದ ಕೇಳು. ಹೆಸರು ಬದಲಿಸಿಕೊ ಎಂದು ನಾನು ಹೇಳುವುದಿಲ್ಲ. ವಾಡೀಕರ ಒಳ್ಳೆಯ ಹೆಸರು. ನಿನ್ನಪ್ಪನಿಗೆ ಕೆಲಸ ಕೊಟ್ಟಿತು, ನಿನಗೆ ಮನೆ ಕಟ್ಟಿಸಿತು. ಗಾಡಿ ನಿಂತ ಊರಿಗೆ ಋಣಿಯಾಗಿರಬೇಕು, ಅದನ್ನು ಹೆತ್ತ ತಾಯಿ ಎನ್ನಬೇಕಾಗಿಲ್ಲ. ಇನ್ನೊಂದು ಅನುಕೂಲವಿದೆ ನೋಡು, ಈ ಮದುವೆಯಾದರೆ ಹುಡುಗಿಗೆ ಅಡ್ಡಹೆಸರು ಬದಲಿಸಲು ಕಚೇರಿ ಅಲೆಯುವ ಕೆಲಸವೂ ಇಲ್ಲ. ನಗು, ಸ್ವಲ್ಪ ನಗು. ಆಮೇಲೆ ಎದ್ದು ಹೋಗಿ ಮಗಳನ್ನು ಮಾತಾಡಿಸು. ಏನು ಮಾತಾಡಲಿ ಎಂದು ತೋಚದಿದ್ದರೆ ನೀರು ಕೊಡು ಅನ್ನು, ಸಾಕು.

ನಿನ್ನ ಹೆಂಡತಿಗೆ ನನ್ನ ಆಶೀರ್ವಾದ, ಎಣ್ಣೆಯ ಮಾತು ಮತ್ತೆ ನೆನಪಿಸು. ಭಾಗ್ಯಜ್ಯೋತಿಯ ಹಣೆಗೆ ನನ್ನ ಬದಲು ಒಂದು ಮುತ್ತು. ಸನ್ನತಿಯ ಚಂದ್ರಲಾಂಬೆ ನಿಮ್ಮನ್ನು ಯಾವ ಊರಿನಲ್ಲಿದ್ದರೂ ಹುಡುಕಿಕೊಂಡು ಬಂದು ಕಾಯಲಿ. ಅವಳಿಗೆ ವಿಳಾಸ ಬೇಕಾಗಿಲ್ಲ.

ನಿನ್ನ ಸೋದರತ್ತೆ,
ಹರಗೋಲದವರ ಸಾಬಮ್ಮ

ತಾ.ಕ.: ಸಹಿಯ ಮೇಲಿನದು ಎಲ್ಲರಿಗೆ, ಇದು ನಿನಗೊಬ್ಬನಿಗೆ. ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊರಡುವಾಗ ಮೊಗಲಮ್ಮ ಕುಂಕುಮ ಹಚ್ಚಿ, ಒಳಗಿನಿಂದ ಡಬ್ಬಿ ತಂದು, ಮುಷ್ಟಿ ತುಂಬ ಸಕ್ಕರೆ ನನ್ನ ಬಾಯಿಯ ಮುಂದೆ ಹಿಡಿದಳು. ಹಿಡಿದ ಕೈ ಹಿಂದೆಗೆಯದೆ ಹೇಳಿದಳು: "ನಮ್ಮಣ್ಣ ಇದ್ದಿದ್ರ ಅವನೇ ಹಿಡೀತಿದ್ದ. ಹುಡುಗಿ ನಮಗ ಕೊಡಾಕಿ ಇದ್ರ ಬಾಯಿ ತೆರಿ, ಇಲ್ಲಾ ಬಸ್ಸಿಗಿ ನಡಿ." ನಿನ್ನನ್ನು ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಸಕ್ಕರೆ ಕಾಯಿಲೆ ಇದೆ ಎನ್ನಲೂ ಬಹುದಿತ್ತು. ತಿಂದ ಮೇಲೆ ಮಾತು ತಿರುಗಿಸುವ ರೂಢಿ ನಮ್ಮ ಬೆಡಗಿನಲ್ಲಿ ಇಲ್ಲವೆಂದು ನಿನಗೆ ಗೊತ್ತು. ಡಾಕ್ಟರು ಕೇಳಿದರೆ ಒಂದೇ ಚಿಟಿಕೆ ಎನ್ನುತ್ತೇನೆ. ನಿನಗೆ ಸುಳ್ಳು ಹೇಳಲಾರೆ ಅಳಿಯಾ, ಇಡೀ ಮುಷ್ಟಿ.